ಬೆನ್ನಿಗೆ ಬಟ್ಟಲು, ಕುರ್ಚಿಗೆ ಬಜೆಟ್ ಇಲ್ಲ

ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಿಗೆ ನೌಕರರ ಬೆನ್ನಿನ ಮೇಲೆ ಇದ್ದಕ್ಕಿದ್ದಂತೆ ಮಮತೆ ಉಕ್ಕಿದೆ. ಶುಕ್ರವಾರ ಮಧ್ಯಾಹ್ನ ಮೀಟಿಂಗ್ ಕೋಣೆಯ ಮೇಜು ಸರಿಸಿ, ಮಸಾಜ್ ಮಂಚ ಹಾಕಿ, ನೋವು ಇಳಿಸಲೆಂದು ಬೆನ್ನಿಗೆ ಬಟ್ಟಲು ಅಂಟಿಸುವ ಕಪ್ಪಿಂಗ್ ಮಾಡಿಸುತ್ತಾರೆ. ತಲಾ ಹದಿನೈದು ನಿಮಿಷ. ಮೊದಲೇ ಹೆಸರು ನೋಂದಾಯಿಸಬೇಕು. ನೋವು ನಿಮ್ಮದೇ ಆದರೂ ಮೇಲಧಿಕಾರಿಯ ಒಪ್ಪಿಗೆ ಬೇಕು.

ಬೆನ್ನಿಗೆ ಎಣ್ಣೆ ಸವರಿ ಪ್ಲಾಸ್ಟಿಕ್ ಬಟ್ಟಲು ಕವುಚುತ್ತಾರೆ. ಅದರ ನೆತ್ತಿಗೆ ಕೈಪಂಪು ಸಿಕ್ಕಿಸಿ ಎರಡು ಮೂರು ಸಲ ಜಗ್ಗಿದರೆ ಒಳಗಿನ ಗಾಳಿ ಹೊರಬಿದ್ದು ಚರ್ಮ ಪೂರಿಯಂತೆ ಉಬ್ಬುತ್ತದೆ. ಮಂಚದಲ್ಲಿ ಮುಖ ಇಡಲು ತೂತಿರುತ್ತದಲ್ಲ, ಅದರ ಕೆಳಗೆ ನೆಲದ ಮೇಲೆ ಮೊಬೈಲ್. ಎಂಟು ಬಟ್ಟಲು ಹೊತ್ತ ಟೀಮ್ ಲೀಡರ್ ಕೈ ಇಳಿಬಿಟ್ಟು ಹೆಬ್ಬೆರಳಿನಲ್ಲೇ ಗ್ರಾಹಕನ ಮೇಲ್‌ಗೆ ಉತ್ತರ ಕುಟ್ಟುತ್ತಿರುತ್ತಾರೆ. ಬಟ್ಟಲು ಸಡಿಲಿಸಿದ ಹೆಗಲನ್ನು ಆ ಗ್ರಾಹಕ ಅಲ್ಲಿಂದಲ್ಲಿಗೇ ಬಿಗಿದುಬಿಡುತ್ತಾನೆ.

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಈಜುಗಾರ ಮೈಕೆಲ್ ಫೆಲ್ಪ್ಸ್ ಹೆಗಲ ತುಂಬ ನೇರಳೆ ವೃತ್ತಗಳೊಂದಿಗೆ ನೀರಿಗಿಳಿದು ಐದು ಚಿನ್ನ ಗೆದ್ದರು. ನಮ್ಮವರ ಬೆನ್ನಿಗೂ ಅದೇ ವೃತ್ತಗಳು ಬಿದ್ದಿವೆ. ಈಜಿದ್ದು ಮಾತ್ರ ಮಳೆಗಾಲದ ಬೆಳ್ಳಂದೂರು ರಸ್ತೆಯಲ್ಲಿ. ಕಲೆ ಎಷ್ಟು ಕಪ್ಪಗಿದ್ದರೆ ಅಷ್ಟು ವಿಷ ಹೊರಬಂತು ಎಂದು ಬಟ್ಟಲಿನವರು ಹೇಳುತ್ತಾರೆ. ಅದು ಸೂಕ್ಷ್ಮ ರಕ್ತನಾಳ ಒಡೆದು ಚರ್ಮದಡಿ ರಕ್ತ ಹೆಪ್ಪುಗಟ್ಟಿದ ಗುರುತು, ವಾರವೆರಡರಲ್ಲಿ ಮಾಯುವ ಪೆಟ್ಟಿನ ಕಲೆ. ವಿಷ ತೆಗೆಯುವ ಕೆಲಸವನ್ನು ಯಕೃತ್ತು, ಮೂತ್ರಪಿಂಡಗಳು ಯಾರ ಒಪ್ಪಿಗೆಯನ್ನೂ ಕೇಳದೆ ಮಾಡುತ್ತಲೇ ಇವೆ.

ವಿದ್ಯೆಯೇನೋ ಹಳೆಯದು. ಸುಶ್ರುತ ಸಂಹಿತೆಯಲ್ಲಿ ರಕ್ತ ತೆಗೆಯಲು ಕೊಂಬು, ಒಳಗೆ ದೀಪವಿಟ್ಟ ಸೋರೆಬುರುಡೆ ಎಲ್ಲವೂ ಇವೆ. ಯುನಾನಿ ವೈದ್ಯರು ಇದನ್ನೇ ಹಿಜಾಮ ಎಂದು ಮಾಡುತ್ತ ಬಂದಿದ್ದಾರೆ. ಇದೇ ಊರಿನ ಕೊಟ್ಟಿಗೆಪಾಳ್ಯದಲ್ಲಿ ರಾಷ್ಟ್ರೀಯ ಯುನಾನಿ ಸಂಸ್ಥೆಯೇ ಇದೆ. ಅಷ್ಟು ದೂರ ಯಾರು ಹೋಗುತ್ತಾರೆ? ಅಲ್ಲಿ ಲ್ಯಾವೆಂಡರ್ ಪರಿಮಳವೂ ಇಲ್ಲ, ಸೆಲ್ಫಿಗೆ ಬೆಳಕೂ ಸಾಲದು.

ಕುತ್ತಿಗೆ, ಸೊಂಟದ ನೋವು ಕೆಲವು ದಿನ ಇಳಿಯುತ್ತದೆಂದು ತೋರಿಸಿದ ಅಧ್ಯಯನಗಳಿವೆ. ಹೆಚ್ಚಿನವು ಸಣ್ಣವು, ದುರ್ಬಲವಾದವು. ಬೆನ್ನಿನ ಮೇಲೆ ಬಟ್ಟಲು ಜಗ್ಗುತ್ತಿರುವುದು ರೋಗಿಗೆ ತಿಳಿಯದಂತೆ ಪರೀಕ್ಷಿಸುವುದಾದರೂ ಹೇಗೆ? ಹೋಗಲಿ, ಹದಿನೈದು ನಿಮಿಷ ಮಲಗಲು ಸಿಕ್ಕರೆ ಬಟ್ಟಲಿಲ್ಲದೆಯೂ ಈ ಊರಿನಲ್ಲಿ ಅರ್ಧ ನೋವು ಇಳಿದೀತು.

ಆದರೆ ನೋವು ಬಂದದ್ದೆಲ್ಲಿಂದ ಎಂದು ಕೇಳುವಂತಿಲ್ಲ. ಕರ್ನಾಟಕದ ಐಟಿ ನೌಕರರ ಕೆಲಸದ ದಿನವನ್ನು 14 ಗಂಟೆಗೆ ಹಿಗ್ಗಿಸುವ ಪ್ರಸ್ತಾವ 2024ರಲ್ಲಿ ಬಂದಾಗ ನೌಕರರ ಸಂಘ ವಿರೋಧಿಸಿತು. ಬೆನ್ನಿಗೆ ಆಧಾರ ಕೊಡುವ ಕುರ್ಚಿ ಕೇಳಿದವರಿಗೆ ಮುಂದಿನ ಆರ್ಥಿಕ ವರ್ಷ ತೋರಿಸುತ್ತಾರೆ. ಬಟ್ಟಲಿಗೆ ಮಾತ್ರ ಈ ವರ್ಷವೇ ಹಣವಿದೆ.

ಕಾರ್ಯಕ್ರಮ ಹೇಗಿತ್ತೆಂದು ತಿಳಿಸುವ ನಮೂನೆಯನ್ನೂ ಕಳಿಸಿದ್ದಾರೆ. ಬೆನ್ನುನೋವು ಇಳಿದವರು, ಇಳಿಯದವರು ಎಲ್ಲರೂ ಇಂದು ರಾತ್ರಿ ಕಚೇರಿಯಲ್ಲೇ ಕುಳಿತು ಭರ್ತಿ ಮಾಡಿ ಹೋಗಬೇಕಂತೆ.