ಮಡಚುವ ಅಪ್ಪ, ಮಡಚದ ಮೇಜು

ಇದನ್ನು ಒಂಬತ್ತೇ ಬೆರಳಲ್ಲಿ ಟೈಪ್ ಮಾಡುತ್ತಿದ್ದೇನೆ. ಹತ್ತನೆಯದು ಬೆಳಗ್ಗೆ ಎಂಟೂವರೆಗೆ ಮಡಚುವ ಮೇಜಿನ ಸಂದಿಗೆ ಸಿಕ್ಕಿ ಈಗ ಬದನೆಕಾಯಿ ಬಣ್ಣಕ್ಕೆ ತಿರುಗಿದೆ. "ಐಸ್ ಇಡಿ" ಎಂದಳು ಇವಳು. ರಾತ್ರಿಯಿಡೀ ಕರೆಂಟ್ ಇರಲಿಲ್ಲ. ಐಸ್ ಎಲ್ಲಿಂದ ಬರಬೇಕು? ಜಡಿಮಳೆಯ ಆಟಿ ತಿಂಗಳ ಕಾಸರಗೋಡು ಅಂದ್ರೆ ಗೊತ್ತಲ್ಲ. ಕೊನೆಗೆ ಕೊಡಪಾನದೊಳಗೆ ಬೆರಳು ಬಿಟ್ಟುಕೊಂಡು ಕೂತೆ.

ನಮ್ಮದು ಎರಡು ಕೋಣೆಯ ಫ್ಲ್ಯಾಟ್. ಒಂದು ನಮಗೂ ಮಗಳಿಗೂ. ಇನ್ನೊಂದು, ಹತ್ತಡಿ ಉದ್ದ ಒಂಬತ್ತಡಿ ಅಗಲದ್ದು, ರಾತ್ರಿ ಅಪ್ಪನ ಕೋಣೆ, ಹಗಲು ನನ್ನ ಆಫೀಸು. ಅದಕ್ಕೆಂದೇ ಗೋಡೆಗೆ ಕೂರಿಸುವ ಮೇಜು ತರಿಸಿದೆ. ಬಿಚ್ಚಿದರೆ ಮೂರಡಿ ಮೇಜು, ಮಡಚಿದರೆ ನಾಲ್ಕೇ ಇಂಚು. ಪೆಟ್ಟಿಗೆಯ ಮೇಲೆ "ಪರಿಸರಸ್ನೇಹಿ" ಅಂತ ಹಸಿರು ಎಲೆಯ ಚಿತ್ರ ಬೇರೆ. ಜಾಹೀರಾತಿನಲ್ಲಿ ಒಬ್ಬಳು ಹುಡುಗಿ ಅದನ್ನು ಒಂದೇ ಬೆರಳಲ್ಲಿ ಮಡಚಿ ನಗುತ್ತಾಳೆ. ಆ ಒಂದು ಬೆರಳು ನನಗೆ ಈಗ ಅರ್ಥವಾಗುತ್ತಿದೆ.

ಕೂರಿಸಲು ಬಂದ ಆಶಾರಿ ಗೋಡೆ ತಟ್ಟಿ ನೋಡಿ ಮುಖ ಸಣ್ಣದು ಮಾಡಿದ. ಕೆಂಪು ಕಲ್ಲು. ಡ್ರಿಲ್ ಇಟ್ಟದ್ದೇ ತಡ, ಕೆಂಪು ಪುಡಿ ಸುರಿಯಿತು ಮಾರಾಯ್ರೆ, ನೆಲವೆಲ್ಲ ಯಾರೋ ಎಲೆಯಡಿಕೆ ಉಗಿದ ಹಾಗೆ. ಸಣ್ಣ ಪ್ಲಗ್ಗಿಗೆ ತೆಗೆದ ತೂತಿನಲ್ಲಿ ಇಲಿ ಸಂಸಾರ ಹೂಡಬಹುದಿತ್ತು. ಕೊನೆಗೆ ಮರದ ಗೂಟ ಹೊಡೆದು, ಸುತ್ತ ಸಿಮೆಂಟು ಮೆತ್ತಿ, ಅಂತೂ ನಿಲ್ಲಿಸಿದ.

ಮೇ ತಿಂಗಳ ತನಕ ಎಲ್ಲ ಚೆನ್ನಾಗಿತ್ತು. ಮೇಜು ಮಡಚುತ್ತಿತ್ತು. ಸ್ವಲ್ಪ ಜಾಸ್ತಿಯೇ ಮಡಚುತ್ತಿತ್ತು. ಕಾರಣ ಅಪ್ಪ.

ಅಪ್ಪ ಮೇಷ್ಟ್ರಾಗಿದ್ದವರು. ಅವರ ಕಣ್ಣೆದುರು ಯಾವ ವಸ್ತುವೂ ಬಿಚ್ಚಿಕೊಂಡು ಇರುವ ಹಾಗಿಲ್ಲ. ಪೇಪರ್ ಓದಿ ಮುಗಿದರೆ ಎಂಟು ಮಡಿಕೆ. ಹಾಲಿನ ತೊಟ್ಟೆ ತೊಳೆದು, ಒಣಗಿಸಿ, ಬಸ್ ಟಿಕೆಟಿನಷ್ಟು ಸಣ್ಣದು ಮಾಡಿ ಡಬ್ಬದೊಳಗೆ. ಬೈರಾಸು ಒಣಗುವ ಮೊದಲೇ ಮಡಿಕೆ. ನಾನು ನೀರು ಕುಡಿಯಲು ಎದ್ದು ಹೋಗಿ ಬರುವಷ್ಟರಲ್ಲಿ ಮೇಜು ಗೋಡೆಗೆ ಅಂಟಿರುತ್ತದೆ, ಲ್ಯಾಪ್‌ಟಾಪ್ ಕಿಟಕಿ ಕಟ್ಟೆಯ ಮೇಲೆ, ಅಪ್ಪ ಕೋಣೆಯ ನಡುವೆ ಕೈಕಟ್ಟಿ ನಿಂತು, "ಮುಗಿಯಿತಾ?"

ಮುಗಿದಿಲ್ಲ ಅಪ್ಪಾ. ಸಂಜೆ ಆರರ ತನಕ ಮುಗಿಯುವುದಿಲ್ಲ. ಇದನ್ನು ದಿನಕ್ಕೆ ಐದು ಸಲ ಹೇಳುತ್ತೇನೆ. ಅವರು ದಿನಕ್ಕೆ ಆರು ಸಲ ಮಡಚುತ್ತಾರೆ.

ಒಂದು ಸೋಮವಾರ ಮೀಟಿಂಗ್ ನಡೆಯುತ್ತಿತ್ತು, ಹನ್ನೊಂದು ಜನ. ಒಳಗಿನ ಕೋಣೆಯಲ್ಲಿದ್ದ ಒಂದು ಫೈಲ್ ತರಲು ಎದ್ದೆ. ಮಗಳು ಅದರ ಮೇಲೆ ಆನೆ ಬರೆದಿದ್ದಳು. ಅವಳ ಹತ್ತಿರ ವಿಚಾರಣೆ ಮಾಡಿ ಬರಲು ಎರಡು ನಿಮಿಷ ಹಿಡಿಯಿತು. ಅಪ್ಪನಿಗೆ ಎರಡು ನಿಮಿಷ ಧಾರಾಳ. ಲ್ಯಾಪ್‌ಟಾಪ್ ಮುಚ್ಚಲು ಅವರಿಗೆ ಭಯ, ಏನಾದರೂ ಹಾಳಾದೀತು ಅಂತ. ತೆರೆದ ಹಾಗೆಯೇ, ನೈವೇದ್ಯದ ಬಟ್ಟಲು ಒಯ್ಯುವ ಹಾಗೆ ಎರಡೂ ಕೈಯಲ್ಲಿ ಒಯ್ದು ಕಿಟಕಿ ಕಟ್ಟೆಯ ಮೇಲಿಟ್ಟರು. ಕ್ಯಾಮರಾ ಕೋಣೆಯ ಕಡೆಗೆ. ಆಮೇಲೆ ನಡೆದದ್ದನ್ನೆಲ್ಲ ಹನ್ನೊಂದು ಜನ ನೋಡಿದ್ದಾರೆ. ಅಪ್ಪ ಮೇಜಿನಡಿಗೆ ತಲೆ ಹಾಕಿ ಆಸರೆಯ ಕೊಕ್ಕೆ ಹುಡುಕಿದ್ದು. "ಇದೆಂತ ಸಾವು" ಎಂದದ್ದು. ಮೇಜು ಒಂದು ಸಲ ಮೇಲೆ ಹೋಗಿ ಧಡ್ಡಂತ ಕೆಳಗೆ ಬಂದದ್ದು. ಉಟ್ಟ ಮುಂಡಿನ ಅಂಚು ಸಂದಿಗೆ ಸಿಕ್ಕಿ, ಒಂದು ಕೈಯಲ್ಲಿ ಮುಂಡು, ಇನ್ನೊಂದರಲ್ಲಿ ಮೇಜು ಹಿಡಿದುಕೊಂಡು, ಎರಡರಲ್ಲಿ ಯಾವುದನ್ನು ಬಿಡುವುದು ಎಂದು ಅಪ್ಪ ಸ್ವಲ್ಪ ಹೊತ್ತು ಯೋಚಿಸಿದ್ದು. ಪುಣ್ಯಕ್ಕೆ ಮೇಜನ್ನೇ ಬಿಟ್ಟರು.

ನಾನು ಓಡಿ ಬಂದಾಗ ಅವರು ಸ್ಕ್ರೀನಿಗೆ ಮುಖ ಕೊಟ್ಟು, "ಊಟ ಆಯ್ತಾ ಎಲ್ಲರದ್ದೂ?" ಎಂದು ಕೇಳುತ್ತಿದ್ದರು. ಪುಣೆಯ ನಮ್ಮ ಮ್ಯಾನೇಜರ್ ಕೈ ಮುಗಿದುಕೊಂಡಿದ್ದ. ಆಮೇಲೆ ಒಬ್ಬಳು ಮೆಸೇಜ್ ಮಾಡಿ ಮೇಜಿನ ಲಿಂಕ್ ಕೇಳಿದಳು. ಕೊಡಲಿಲ್ಲ. ನನಗೂ ಮನುಷ್ಯತ್ವ ಇದೆ.

ಜೂನ್ ಬಂತು. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರು ನಮ್ಮದು. "ಪರಿಸರಸ್ನೇಹಿ" ಮೇಜು ನೋಡಿದರೆ ಮರದ ಹೊಟ್ಟಿಗೆ ಅಂಟು ಕಲಸಿ ಒತ್ತಿದ ಹಲಗೆ. ಅದು ನಮ್ಮ ಪರಿಸರದ ಜೊತೆ ಎಷ್ಟು ಸ್ನೇಹ ಬೆಳೆಸಿತೆಂದರೆ, ಹವೆಯ ಪಸೆಯನ್ನೆಲ್ಲ ಕುಡಿದು ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಅಂಚೆಲ್ಲ ಊದಿತು. ಸ್ಕ್ರೂಗಳು ಹಿಡಿತ ಬಿಟ್ಟವು. ಆಶಾರಿ ಫೋನಿನಲ್ಲೇ ಬೈದ: "710 ತಗೊಳ್ಳಬಾರದಿತ್ತಾ ಸಾರ್?" ನೀರು ತಡೆಯುವ ಮೆರೈನ್ ಪ್ಲೈವುಡ್ಡಿನ ಐಎಸ್ (ಭಾರತೀಯ ಮಾನಕ) ನಂಬರು ಅದು. ಆಶಾರಿಗಳು ಅದನ್ನು ಬಸ್ಸಿನ ನಂಬರಿನ ಹಾಗೆ ಹೇಳುತ್ತಾರೆ. ರಿಪೇರಿಗೆ ಯಾವಾಗ ಬರುತ್ತೀ ಎಂದರೆ, "ಮಳ ಕಳಿಞ್ಞಾಲ್ ಶರಿಯಾವುಂ." ಮಳೆ ಮುಗಿದರೆ ಸರಿಯಾದೀತು. ನಮ್ಮಲ್ಲಿ ಮಳೆ ಮುಗಿದಾಗ ದೀಪಾವಳಿ.

ಈಗ ಮೇಜು ಮಡಚುವುದಿಲ್ಲ. ಅಪ್ಪ ಬಿಡುವುದಿಲ್ಲ. ಇವತ್ತು ಬೆಳಗ್ಗೆ ಅಂಚಿಗೆಲ್ಲ ಮೇಣದಬತ್ತಿ ಉಜ್ಜಿ, ಬಿಜಾಗರಿಗೆ ತೆಂಗಿನೆಣ್ಣೆ ಬಿಟ್ಟು, ಕೆಳಗಿನಿಂದ ಹೆಗಲು ಕೊಟ್ಟು ದೂಡಿದರು. ನಾನು ಚಾರ್ಜರ್ ತೆಗೆಯಲು ಕೈ ಹಾಕಿದ್ದೆ.

ಕೊಡಪಾನದ ಹತ್ತಿರ ಕೂತು ಇನ್ನೊಂದು ಕೈಯಲ್ಲಿ ಮೊಬೈಲ್ ನೋಡುತ್ತಿದ್ದೆ. 1922ರಲ್ಲಿ ತೆರೆದ ಈಜಿಪ್ಟಿನ ರಾಜ ಟುಟಾಂಖಾಮನ್ ಸಮಾಧಿಯಲ್ಲಿ ಮೂರು ಮಡಿಕೆಯ ಮಂಚ ಸಿಕ್ಕಿತ್ತಂತೆ, ಕಂಚಿನ ಬಿಜಾಗರಿ ಸಮೇತ. 3,300 ವರ್ಷ ಹಳೆಯದು. ಅರಮನೆ ಇದ್ದವನಿಗೆ ಮಡಚುವ ಮಂಚ ಯಾಕೆ? ಅವನಿಗೂ ಮನೆಯಲ್ಲಿ ಯಾರೋ ಒಬ್ಬರು ಇದ್ದಿರಬೇಕು.

ಅಪ್ಪನಿಗೂ ಒಂದು ಮಂಚ ತರುತ್ತೇನೆ ಎಂದಿದ್ದೆ, ಅವರು ಊರಿನ ಮನೆ ಬಿಟ್ಟು ಬಂದಾಗ. ಬದಿಯಡ್ಕದ ಆ ಮನೆಯಲ್ಲಿ ಮಡಚುವ ಮಾತೇ ಇರಲಿಲ್ಲ. ಜಗಲಿಯ ಹಲಸಿನ ಬೆಂಚನ್ನು ನಾಲ್ಕು ಜನ ಸೇರಿದರೂ ಎತ್ತಲಾಗುತ್ತಿರಲಿಲ್ಲ. ಅಮ್ಮ ಹೋದ ಮೇಲೆ ಅಪ್ಪ ಒಂದು ಟ್ರಂಕು, ಒಂದು ಚಾಪೆ, ಒಂದು ವ್ಯಾಸಪೀಠ ಹಿಡಿದುಕೊಂಡು ಬಂದರು. ಮಂಚ ಬೇಡ ಎಂದರು. "ನಿನ್ನ ಮೇಜಿಗೆ ಜಾಗ ಬೇಕಲ್ವಾ." ಬೆಳಗ್ಗೆ ನಾವು ಏಳುವ ಮೊದಲೇ ಚಾಪೆ ಸುತ್ತಿ ಬಾಗಿಲ ಹಿಂದೆ ನಿಲ್ಲಿಸಿರುತ್ತಾರೆ. ಆ ಕೋಣೆಯಲ್ಲಿ ಒಬ್ಬರು ಮಲಗಿದ್ದರು ಎಂದು ಹೇಳಲು ಒಂದು ಗುರುತೂ ಇರುವುದಿಲ್ಲ.

ಆ ವ್ಯಾಸಪೀಠವನ್ನು ಇವತ್ತೇ ಸರಿಯಾಗಿ ನೋಡಿದೆ. ಒಂದೇ ಹಲಗೆ. ನಡುವಿನಲ್ಲಿ ಬೆರಳಿಗೆ ಬೆರಳು ಕೋದ ಹಾಗೆ ಕೊರೆದಿದ್ದಾರೆ. ಬಿಜಾಗರಿ ಇಲ್ಲ, ಸ್ಕ್ರೂ ಇಲ್ಲ, ಅಂಟು ಇಲ್ಲ. ಬಿಚ್ಚಿದರೆ ಗುಣಿಸು ಚಿಹ್ನೆ, ಮಡಚಿದರೆ ಮತ್ತೆ ಹಲಗೆ. ಪಕ್ಕದ ಮನೆಯ ಹಾಜಿಯವರಲ್ಲಿ ಕುರ್‌ಆನ್ ಇಡುವುದೂ ಇಂಥದ್ದರ ಮೇಲೆಯೇ. ಅವರು ರೇಹಾಲ್ ಎನ್ನುತ್ತಾರೆ. ನಮ್ಮದು ಅಜ್ಜನ ಕಾಲದ್ದು. ಅಷ್ಟೂ ಮಳೆಗಾಲ ಕಂಡಿದೆ, ಒಂದು ಕೂದಲೆಳೆಯೂ ಊದಿಲ್ಲ.

ಅದರ ಮೇಲೆಯೇ ಲ್ಯಾಪ್‌ಟಾಪ್ ಇಟ್ಟು, ಅಪ್ಪನ ಚಾಪೆಯಲ್ಲಿ ಚಕ್ಕಳಮಕ್ಕಳ ಹಾಕಿ ಬರೆಯುತ್ತಿದ್ದೇನೆ. ಕೀಬೋರ್ಡ್ ಮಾಡಿನ ಹಾಗೆ ಇಳಿಜಾರು. ಬೆನ್ನು ಸತ್ತಿದೆ. ಅಪ್ಪ ಆಗಿನಿಂದ ಮೂರು ಸಲ ಬಂದು ಬಾಗಿಲಲ್ಲಿ ಇಣುಕಿ ಹೋದರು. ನಾಲ್ಕನೆಯ ಸಲ ಒಳಗೇ ಬಂದರು. ಸಂಜೆಯ ಪಾರಾಯಣಕ್ಕೆ ವ್ಯಾಸಪೀಠ ಬೇಕಂತೆ. ನಾಲ್ಕೂವರೆ ಆಗಿದೆಯಷ್ಟೆ. ಲ್ಯಾಪ್‌ಟಾಪನ್ನೇ ಸ್ವಲ್ಪ ಹೊತ್ತು ನೋಡಿ, "ಇದು ಸಾ ಮಡಚುವಂಥದ್ದೇ ಅಲ್ವಾ?" ಎಂದು ಕೇಳಿ, ಮುಚ್ಚಳಕ್ಕೆ ಕೈ ಹಾ