ಓದಾಕಲ್ರೀ, ಕೊಡಾಕ

ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ, ತುರಾಯಿ, ಶಾಲು ಬೇಡ, ಕೊಡುವುದಾದರೆ ಕನ್ನಡ ಪುಸ್ತಕ ಕೊಡಿ ಅಂತ 2021ರಲ್ಲಿ ಆದೇಶ ಬಂತು. ಒಳ್ಳೆಯದೇ ಆಯಿತು. ಹಾರ ಸಂಜೆಯೊಳಗೆ ಬಾಡುತ್ತದೆ. ಪುಸ್ತಕ ಬಾಡುವುದಿಲ್ಲ. ನಾಳೆ ಇನ್ನೊಬ್ಬರಿಗೆ ಕೊಡಬಹುದು, ನಾಡಿದ್ದು ಮತ್ತೊಬ್ಬರಿಗೆ.

ಎಂಥ ಪುಸ್ತಕ ಅನ್ನೋದಕ್ಕೂ ನಮ್ಮ ಕೊಪ್ಪಳದಲ್ಲಿ ಒಂದು ಲೆಕ್ಕ ಇದೆ. ಕವನ ಸಂಕಲನ ತೆಳ್ಳಗಿರುತ್ತದೆ, ಫೋಟೊದಲ್ಲಿ ಕಾಣಲ್ಲ. ಸಾಹೇಬರಿಗೆ ಸಂಶೋಧನಾ ಗ್ರಂಥವೇ ಆಗಬೇಕು. ಗಟ್ಟಿ ರಟ್ಟು, ಐನೂರು ಪುಟ, ಎರಡೂ ಕೈ ಬೇಕು ಎತ್ತೋಕೆ. ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಕಲ್ಲೊಂದಿದೆ. ಮೇಲೆ 1294ರ ಶಾಸನ. ಪಕ್ಕದಲ್ಲೇ ಆ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಕೊರೆದಿದ್ದಾರೆ. ಪುಸ್ತಕ ಬಿಡುಗಡೆಯ ಫೋಟೊ ನೋಡಿದಾಗೆಲ್ಲ ನನಗೆ ಅದೇ ನೆನಪಾಗುತ್ತದೆ. ಹೊತ್ತವರು ಕಾಣುತ್ತಾರೆ, ಓದಿದವರು ಕಾಣಲ್ಲ.

ಹೋದ ತಿಂಗಳು ನನಗೂ ಒಂದು ಸಿಕ್ಕಿತು. ಜಿಲ್ಲೆಯ ಶಾಸನಗಳ ಬಗ್ಗೆ. ಮೊದಲ ಪುಟದಲ್ಲಿ 'ಪ್ರೀತಿಯಿಂದ' ಅಂತ ಬರೆದು ನಾಲ್ಕು ಹೆಸರು. ಮೂರಕ್ಕೆ ಅಡ್ಡಗೆರೆ, ಒಂದಕ್ಕೆ ವೈಟ್ನರ್. ಅದರ ಕೆಳಗೆ ನಾನು.

ಗವಿಮಠ, ಪಾಲ್ಕಿಗುಂಡಿನ ಅಶೋಕನ ಶಾಸನಗಳ ಬಗ್ಗೆ ಏನಿದೆ ಅಂತ ಸುಮ್ನೆ ತೆರೆದೆ. 97ರಿಂದ 112ರವರೆಗೆ ಹದಿನಾರು ಪುಟ ತಲೆಕೆಳಗು! ಬೈಂಡಿಂಗ್‌ನಲ್ಲಿ ಇಡೀ ಒಂದು ಫಾರಂ ಉಲ್ಟಾ ಕೂತುಬಿಟ್ಟಿದೆ. ನಾಲ್ವರು ಗಣ್ಯರ ಕೈ ದಾಟಿ ಬಂದರೂ ಯಾರೂ ತುಟಿ ಬಿಚ್ಚಿಲ್ಲ. ಆ ನಾಲ್ವರಲ್ಲಿ ಒಬ್ಬರು ವೇದಿಕೆ ಮೇಲೆ ಇದೇ ಪುಸ್ತಕ ಹಿಡಿದು "ಒಂದೇ ಗುಕ್ಕಿಗೆ ಓದಿಸಿಕೊಂಡು ಹೋಗುತ್ತದೆ" ಅಂದದ್ದನ್ನು ನಾನೇ ಕೇಳಿದ್ದೆ. ಶೀರ್ಷಾಸನ ಹಾಕಿ ಓದಿರಬೇಕು. ವಯಸ್ಸು ಅರವತ್ತು ದಾಟಿದೆ, ಮೆಚ್ಚಬೇಕು.

ಮಸ್ಕಿಯ ಅಶೋಕನ ಶಾಸನವನ್ನು 1915ರಲ್ಲಿ ಪತ್ತೆ ಮಾಡಿದ್ದು ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್. ಆತ ಚಿನ್ನದ ಕಸುಬಿನವನು, ಆದರೂ ಬಂಡೆ ಮೇಲಿನ ಅಕ್ಷರ ಕಣ್ಣಿಗೆ ಬಿತ್ತು. ನಮ್ಮ ಕೈಗೇ ಅಕ್ಷರ ಕೊಟ್ಟರೆ ನಾವು ಕ್ಯಾಮೆರಾ ನೋಡುತ್ತೇವೆ.

ಪುಸ್ತಕ ಹಿಡಿದು ಕಾರ್ಯಕ್ರಮದ ವ್ಯವಸ್ಥಾಪಕರ ಹತ್ತಿರ ಹೋದೆ. ಪುಟ ಉಲ್ಟಾ ಇವೆ, ಬದಲಿಸಿ ಕೊಡಿ ಅಂದೆ. ಅವರು ನನ್ನ ಮುಖವನ್ನೇ ನೋಡಿದರು.

"ಓದಾಕ ಹತ್ತೀರೇನ್ರೀ ಸರ?"

"ಹೌದ್ರೀ."

"ಅಯ್ಯ, ಅದು ಓದಾಕಲ್ರೀ, ಕೊಡಾಕ!" ಆಮೇಲೆ ದನಿ ತಗ್ಗಿಸಿದರು. "ಬರೋ ಶನಿವಾರ ಒಬ್ಬರ ರಿಟೈರ್ಮೆಂಟ್ ಫಂಕ್ಷನ್ ಐತ್ರಿ. ಒಂದು ಪುಸ್ತಕ ಕಮ್ಮಿ ಬಿದ್ದೈತಿ. ಅದನ್ನ ತಂದುಬಿಡ್ರಲ್ಲ."

ಇವತ್ತು ಶುಕ್ರವಾರ. ಮನೆಯಲ್ಲಿ ವೈಟ್ನರ್ ಎಲ್ಲಿಟ್ಟಿದ್ದೀನಿ ಅಂತ ಹುಡುಕುತ್ತಿದ್ದೇನೆ.