ತೆರಿಗೆ ನಂಬರ್ ಇದೆ, ಕೆಲಸ ಗೊತ್ತೇ ಎಂದು ಕೇಳಿದವರಿಲ್ಲ

ಹಾಸನದಲ್ಲಿರುವ ನನ್ನ ಭಾವಮೈದ ಹೋದ ವರ್ಷ ಮನೆ ಕಟ್ಟುವ ಫರ್ಮ್ ಶುರು ಮಾಡಿದ. ಅವನ ಆಫೀಸಿನ ಬೋರ್ಡಿನಲ್ಲಿ ಫರ್ಮಿನ ಹೆಸರಿನ ಕೆಳಗೆ 15 ಅಕ್ಷರಗಳ ಜಿಎಸ್‌ಟಿ ನಂಬರ್ ಇದೆ. ಕ್ಯಾಲಿಫೋರ್ನಿಯಾದಲ್ಲಿ ನಾನೂ ಇದೇ ಕೆಲಸ ಮಾಡುತ್ತೇನೆ. ನನ್ನ ಟ್ರಕ್ಕಿನ ಬಾಗಿಲ ಮೇಲೆ ಕಂಟ್ರಾಕ್ಟರ್ ಲೈಸೆನ್ಸ್ ನಂಬರ್ ಇದೆ. ಎರಡನ್ನೂ ಹಾಕಲೇಬೇಕು ಅಂತ ಕಾನೂನೇ ಹೇಳುತ್ತದೆ. ಆದರೆ ಒಂದು ನಂಬರ್ ಹೇಳುವುದು ಈತ ತೆರಿಗೆ ಲೆಕ್ಕದಲ್ಲಿದ್ದಾನೆ ಎಂದು. ಇನ್ನೊಂದು ಹೇಳುವುದು ಈತನಿಗೆ ಕೆಲಸ ಗೊತ್ತು, ಎಡವಟ್ಟಾದರೆ ಈತನನ್ನು ಹಿಡಿದು ಕೇಳಬಹುದು ಎಂದು. ಮನೆ ಕಟ್ಟಿಸುವವರಿಗೆ ಬೇಕಾಗಿರುವುದು ಎರಡನೆಯದು. ನಮ್ಮ ಕರ್ನಾಟಕದಲ್ಲಿ ಅದು ಇಲ್ಲ.

ಮೊದಲು ಊರಿನ ಒಳ್ಳೆಯದನ್ನು ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಇವತ್ತು ಸಣ್ಣ ಫರ್ಮ್ ಶುರು ಮಾಡುವುದು ನಿಜವಾಗಿಯೂ ಸುಲಭ. ಒಬ್ಬನೇ ಆದರೆ ಪ್ರೊಪ್ರೈಟರ್, ಇಬ್ಬರಿದ್ದರೆ 1932ರ ಕಾನೂನಿನ ಪ್ರಕಾರ ಪಾಲುದಾರಿಕೆ ಪತ್ರ. ಪ್ರೈವೇಟ್ ಲಿಮಿಟೆಡ್ ಬೇಕೆಂದರೆ ಒಂದೇ ಆನ್‌ಲೈನ್ ಅರ್ಜಿಯಲ್ಲಿ ಪ್ಯಾನ್, ಟ್ಯಾನ್ ಎಲ್ಲ ಒಟ್ಟಿಗೆ ಬರುತ್ತದೆ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿಗೆ ಆಧಾರ್, ಪ್ಯಾನ್ ಇದ್ದರೆ ಸಾಕು, ಅದು ಪೂರ್ತಿ ಉಚಿತ. ಇದಕ್ಕೆ ಏಜೆಂಟರಿಗೆ ದುಡ್ಡು ಕೊಡುವವರು ಇನ್ನೂ ಇದ್ದಾರೆ, ಸುಮ್ನೆ ಕೊಡಬೇಡಿ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ಬೇಕು. ಒಂದೇ ಮನೆಗೆ ಬರೀ ಲೇಬರ್ ಕಂಟ್ರಾಕ್ಟ್ ಮಾಡಿದರೆ ಅದಕ್ಕೆ ಜಿಎಸ್‌ಟಿ ಇಲ್ಲ. ಮೆಟೀರಿಯಲ್ ಸಮೇತ ಒಪ್ಪಿಕೊಂಡರೆ 18 ಪರ್ಸೆಂಟ್. ಹತ್ತು ಜನ ಕೆಲಸದವರಾದರೆ ಇಎಸ್‌ಐ, ಇಪ್ಪತ್ತಾದರೆ ಪಿಎಫ್. ನನ್ನ ಭಾವಮೈದನಿಗೆ ಇದನ್ನೆಲ್ಲ ಆಡಿಟರ್ ಒಬ್ಬರೇ ಮಾಡಿಸಿಕೊಟ್ಟರು. ಅವನು ಯಾವ ಆಫೀಸಿನ ಮೆಟ್ಟಿಲನ್ನೂ ಜಾಸ್ತಿ ಹತ್ತಲಿಲ್ಲ.

ಆದರೆ ಈ ಅರ್ಜಿಗಳಲ್ಲಿ ಎಲ್ಲಾದರೂ ಅವನಿಗೆ ಮನೆ ಕಟ್ಟಲು ಬರುತ್ತದೆಯೇ ಎಂಬ ಪ್ರಶ್ನೆ ಇತ್ತಾ? ಇಲ್ಲ. ಕಾಲಂಗೆ ರಿಂಗ್ ಎಷ್ಟು ಅಂತರಕ್ಕೆ ಕಟ್ಟುತ್ತೀಯ, ಕಂಬಿಗೆ ಕವರ್, ಅಂದರೆ ಸುತ್ತ ಕಾಂಕ್ರೀಟ್ ಹೊದಿಕೆ, ಎಷ್ಟು ಬಿಡುತ್ತೀಯ, ಛಾವಣಿಗೆ ಮೋಲ್ಡ್ ಹಾಕಿದ ಮೇಲೆ ಎಷ್ಟು ದಿನ ನೀರು ನಿಲ್ಲಿಸುತ್ತೀಯ, ಯಾರೂ ಕೇಳಲಿಲ್ಲ. ಸರ್ಕಾರಿ ಕೆಲಸ ಬೇಕಿದ್ದರೆ ಲೋಕೋಪಯೋಗಿ ಇಲಾಖೆಯಲ್ಲಿ ದರ್ಜೆ ಪ್ರಕಾರ ನೋಂದಣಿ ಇದೆ, ಅಲ್ಲಿ ಹಿಂದೆ ಮಾಡಿದ ಕೆಲಸ ನೋಡುತ್ತಾರೆ. ಅಂದರೆ ಸರ್ಕಾರ ತನ್ನ ಕಟ್ಟಡ ಕಟ್ಟುವವನನ್ನು ಮಾತ್ರ ಪರೀಕ್ಷೆ ಮಾಡಿ ತೆಗೆದುಕೊಳ್ಳುತ್ತದೆ. ಜೀವಮಾನದ ಉಳಿತಾಯ ಹಾಕಿ 30–40 ಸೈಟಿನಲ್ಲಿ ಮನೆ ಕಟ್ಟಿಸುವ ಮೇಷ್ಟ್ರಿಗೆ ಆ ರಕ್ಷಣೆ ಇಲ್ಲ.

ಇದು ನನಗೆ ದೂರದ ವಿಷಯ ಅಲ್ಲ. ನಮ್ಮ ಅಕ್ಕನ ಮನೆ ಹಿಡಿದ ಕಂಟ್ರಾಕ್ಟರ್ ಹತ್ತಿರ ಲೆಟರ್‌ಹೆಡ್ ಇತ್ತು, ಜಿಎಸ್‌ಟಿ ನಂಬರ್ ಇತ್ತು, ಕಚೇರಿ ಇತ್ತು. ಚದರಕ್ಕೆ ಇಷ್ಟು ಅಂತ ಮಾತಾಡಿ ದೊಡ್ಡ ಅಡ್ವಾನ್ಸ್ ತೆಗೆದುಕೊಂಡ. ಮೋಲ್ಡ್ ಆದ ಮೇಲೆ ಸೆಂಟ್ರಿಂಗ್ ಹಲಗೆ ಬಿಚ್ಚಿದಾಗ ಛಾವಣಿಯ ಅಡಿಯಲ್ಲಿ ಕಂಬಿಗಳ ಗೆರೆ ಸಾಲಾಗಿ ಕಾಣುತ್ತಿತ್ತು. ಕಂಬಿ ಹಲಗೆಯಿಂದ ಮೇಲಿರಲಿ ಅಂತ ಕವರ್ ಬ್ಲಾಕ್ ಇಡಬೇಕಾದ ಕಡೆ ಕೈಗೆ ಸಿಕ್ಕ ಜಲ್ಲಿ ಚೂರು ಇಟ್ಟಿದ್ದರು, ಓಡಾಡುವಾಗ ಅವು ಜಾರಿ ಕಂಬಿ ಹಲಗೆಗೇ ಅಂಟಿಕೊಂಡಿತ್ತು. ಛಾವಣಿಗೆ 20 ಮಿಲಿಮೀಟರ್, ಕಾಲಂಗೆ 40 ಮಿಲಿಮೀಟರ್ ಕವರ್ ಬೇಕು ಎಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ. ಅಷ್ಟಿಲ್ಲದಿದ್ದರೆ ತೇವ ಒಳಗೆ ಹೋಗಿ ಕಂಬಿ ತುಕ್ಕು ಹಿಡಿಯುತ್ತದೆ, ತುಕ್ಕು ಹಿಗ್ಗಿ ಕಾಂಕ್ರೀಟ್ ಉದುರುತ್ತದೆ. ಕೇಳಿದ್ದಕ್ಕೆ ಆತ ‘ಪ್ಲಾಸ್ಟರಿಂಗ್‌ನಲ್ಲಿ ಮುಚ್ಚಿಹೋಗುತ್ತೆ ಬಿಡಿ ಮೇಡಂ’ ಅಂದ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಪೊಲೀಸರು ಇದು ಸಿವಿಲ್ ವಿಷಯ ಅಂದರು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣವೂ ಸೇವೆಯ ಲೆಕ್ಕಕ್ಕೆ ಬರುತ್ತದೆ, ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಆದರೆ ಅರ್ಧ ಕಟ್ಟಿದ ಮನೆಗೆ ಬ್ಯಾಂಕ್ ಕಂತು, ಇರುವ ಮನೆಗೆ ಬಾಡಿಗೆ, ಎರಡನ್ನೂ ಕಟ್ಟುತ್ತಾ ಆಯೋಗಕ್ಕೆ ಅಲೆಯುವ ಶಕ್ತಿ ಎಷ್ಟು ಜನಕ್ಕಿರುತ್ತದೆ? ಆ ಕಂಟ್ರಾಕ್ಟರ್ ಬೇರೆ ಹೆಸರಲ್ಲಿ ಇನ್ನೊಂದು ಫರ್ಮ್ ತೆಗೆಯಲು ಯಾವ ಅಡ್ಡಿಯೂ ಇರಲಿಲ್ಲ.

ಈಗ ಇಲ್ಲಿಯ ರೀತಿ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಕಂಟ್ರಾಕ್ಟರುಗಳಿಗೆ ಅಂತಲೇ ಒಂದು ರಾಜ್ಯ ಮಂಡಳಿ ಇದೆ, 1929ರಿಂದ ನಡೆದುಕೊಂಡು ಬಂದಿದೆ. ಕೂಲಿ, ಸಾಮಾನು ಸೇರಿ 1,000 ಡಾಲರ್ ಮುಟ್ಟುವ ಯಾವ ಕಟ್ಟಡದ ಕೆಲಸಕ್ಕೂ ಲೈಸೆನ್ಸ್ ಬೇಕು. 2024ರ ತನಕ ಈ ಮಿತಿ 500 ಡಾಲರ್ ಇತ್ತು. ಕೆಲಸಕ್ಕೆ ಪರ್ಮಿಟ್ ಬೇಕಾದರೆ, ಅಥವಾ ಆಳು ಇಟ್ಟುಕೊಂಡರೆ, ಮೊತ್ತ ಎಷ್ಟೇ ಕಡಿಮೆ ಇದ್ದರೂ ಲೈಸೆನ್ಸ್ ಬೇಕೇ ಬೇಕು. ಮನೆ ಕಟ್ಟುವವರದು ‘ಬಿ’ ದರ್ಜೆ. ಎಲೆಕ್ಟ್ರಿಕಲ್ಲಿಗೆ, ಪ್ಲಂಬಿಂಗಿಗೆ, ರೂಫಿಂಗಿಗೆ ಬೇರೆ ಬೇರೆ ‘ಸಿ’ ದರ್ಜೆಗಳು.

ಅರ್ಜಿ ಹಾಕುವವನು ಕಳೆದ ಹತ್ತು ವರ್ಷದಲ್ಲಿ ಕನಿಷ್ಠ ನಾಲ್ಕು ವರ್ಷ ಆ ಕಸುಬಿನಲ್ಲಿ ನುರಿತ ಕೆಲಸಗಾರನಾಗಿಯೋ ಮೇಲ್ವಿಚಾರಕನಾಗಿಯೋ ದುಡಿದಿರಬೇಕು. ಓದಿದ್ದಕ್ಕೆ ಮೂರು ವರ್ಷದವರೆಗೂ ರಿಯಾಯಿತಿ ಕೊಡುತ್ತಾರೆ. ಆದರೆ ಕನಿಷ್ಠ ಒಂದು ವರ್ಷ ಕೈ ಕೆಸರಾಗಿರಲೇಬೇಕು. ಈತ ಕೆಲಸ ಮಾಡಿದ್ದನ್ನು ಕಣ್ಣಾರೆ ಕಂಡವರೊಬ್ಬರು ಸಹಿ ಹಾಕಿಕೊಡಬೇಕು. ಅದು ಸುಳ್ಳಾದರೆ ಸಹಿ ಹಾಕಿದವರೂ ಸಿಕ್ಕಿಬೀಳುತ್ತಾರೆ. ಆಮೇಲೆ ಎರಡು ಪರೀಕ್ಷೆ, ಒಂದು ಕಸುಬಿನದು, ಇನ್ನೊಂದು ಕಾನೂನು ಮತ್ತು ವ್ಯವಹಾರದ್ದು. ಈ ಎರಡನೆಯ ಪರೀಕ್ಷೆ ನನಗೆ ತುಂಬಾ ಹಿಡಿಸಿತು. ಒಪ್ಪಂದದಲ್ಲಿ ಏನಿರಬೇಕು, ಕೆಲಸದವನಿಗೆ ಪೆಟ್ಟಾದರೆ ಏನು ಮಾಡಬೇಕು, ಲೆಕ್ಕ ಹೇಗಿಡಬೇಕು, ಎಲ್ಲ ಅದರಲ್ಲಿ ಬರುತ್ತದೆ. ಬೆರಳಚ್ಚು ಕೊಟ್ಟು ಹಿನ್ನೆಲೆ ತಪಾಸಣೆಯೂ ಆಗಬೇಕು. ಕೊನೆಗೆ 25,000 ಡಾಲರಿನ ಬಾಂಡ್. ಗಿರಾಕಿಗೆ ಕಂಟ್ರಾಕ್ಟರ್ ಮೋಸ ಮಾಡಿದರೆ ಈ ಬಾಂಡಿನಿಂದ ಪರಿಹಾರ ಕೇಳಬಹುದು. ಬಾಂಡ್ ಕಂಪನಿ ಕೊಟ್ಟ ದುಡ್ಡನ್ನು ಕಂಟ್ರಾಕ್ಟರೇ ಕಂಪನಿಗೆ ತುಂಬಿಕೊಡಬೇಕು.

ನನ್ನ ಪ್ರಕಾರ ಇದೆಲ್ಲಕ್ಕಿಂತ ದೊಡ್ಡದು ದುಡ್ಡಿನ ನಿಯಮ. ಮನೆ ರಿಪೇರಿ, ಮನೆ ವಿಸ್ತರಣೆಯ ಕೆಲಸದಲ್ಲಿ ಅಡ್ವಾನ್ಸ್ ಒಪ್ಪಂದದ ಶೇಕಡ 10 ಅಥವಾ 1,000 ಡಾಲರ್, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಾತ್ರ. ಒಂದು ಲಕ್ಷ ಡಾಲರಿನ ಕೆಲಸಕ್ಕೂ ಮೊದಲು ಸಿಗುವುದು ಸಾವಿರವೇ. ಆಮೇಲೂ ಆದ ಕೆಲಸಕ್ಕಿಂತ ಮುಂದೆ ಹೋಗಿ ದುಡ್ಡು ಕೇಳುವಂತಿಲ್ಲ. ಲೈಸೆನ್ಸ್ ಇಲ್ಲದೆ ಕೆಲಸ ಮಾಡಿದವನು ಬಾಕಿಗಾಗಿ ಕೋರ್ಟಿಗೆ ಹೋಗುವಂತೆಯೇ ಇಲ್ಲ. ಅಷ್ಟೇ ಅಲ್ಲ, ಕೊಟ್ಟ ದುಡ್ಡನ್ನೆಲ್ಲ ವಾಪಸ್ ಕೊಡು ಅಂತ ಮನೆಯವರು ಅವನ ಮೇಲೆ ದಾವೆ ಹಾಕಬಹುದು. ಕೆಲಸ ಚೆನ್ನಾಗಿದ್ದರೂ ಸರಿ! ಇಷ್ಟು ಬಿಗಿಯಾದ ಕಾನೂನು ಇದ್ದಾಗ ಯಾರು ತಾನೇ ಸಸಾರವಾಗಿ ತೆಗೆದುಕೊಳ್ಳುತ್ತಾರೆ?

ಜನ ಕೂಡ ಇದನ್ನು ಚೆನ್ನಾಗಿ ಬಳಸುತ್ತಾರೆ. ಇಲ್ಲಿನ ಕನ್ನಡದ ಮನೆಗಳಲ್ಲಿ ಅಪ್ಪ ಅಮ್ಮ ಬಂದಾಗ ಇರಲಿ ಅಂತ ಹಿತ್ತಲಲ್ಲಿ ಸಣ್ಣ ಮನೆ ಕಟ್ಟಿಸುವುದು ಈಗ ಜಾಸ್ತಿಯಾಗಿದೆ. ಅಂಥದ್ದೊಂದು ಕೆಲಸ ನೋಡಲು ಹೋದಾಗ ಆ ಮನೆಯಾಕೆ ‘ಬನ್ನಿ, ಕೂತ್ಕೊಳ್ಳಿ’ ಅಂದವರೇ ಫೋನ್ ತೆಗೆದು ಮಂಡಳಿಯ ತಾಣದಲ್ಲಿ ನನ್ನ ನಂಬರ್ ಹಾಕಿದರು. ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ಬಾಂಡ್ ಇದೆಯೇ, ಶಿಸ್ತುಕ್ರಮ ಏನಾದರೂ ಆಗಿದೆಯೇ, ಎಲ್ಲ ಅಲ್ಲೇ ಕಾಣುತ್ತದೆ. ಒಂದೇ ಭಾಷೆಯವರು, ಪಕ್ಕದ ಜಿಲ್ಲೆಯವರು ಅಂತ ಅವರು ಬಿಡಲಿಲ್ಲ. ನನಗೆ ಬಹಳ ಸಂತೋಷವಾಯಿತು. ನಮ್ಮ ಅಕ್ಕನಿಗೂ ಹೀಗೆ ನೋಡಲು ಒಂದು ಜಾಗ ಇದ್ದಿದ್ದರೆ ಅಂತ ಅನ್ನಿಸಿತು.

ಹಾಗಂತ ಇಲ್ಲಿಯದೆಲ್ಲ ಚೆನ್ನ ಅನ್ನುವವನಲ್ಲ ನಾನು. ಅಮೆರಿಕದಲ್ಲೇ ಟೆಕ್ಸಾಸ್ ರಾಜ್ಯ ಸಾಮಾನ್ಯ ಕಟ್ಟಡ ಕಂಟ್ರಾಕ್ಟರಿಗೆ ಲೈಸೆನ್ಸ್ ಕೇಳುವುದೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಎಲ್‌ಎಲ್‌ಸಿ, ಅಂದರೆ ಸೀಮಿತ ಹೊಣೆಯ ಕಂಪನಿ, ಮಾಡಿಕೊಂಡರೆ ವ್ಯಾಪಾರ ಆಗಲಿ ಬಿಡಲಿ ವರ್ಷಕ್ಕೆ 800 ಡಾಲರ್ ತೆರಿಗೆ ಕಟ್ಟಬೇಕು, ಕಂಟ್ರಾಕ್ಟರ್ ಆದರೆ ಅದರ ಮೇಲೆ ಕೆಲಸಗಾರರಿಗಾಗಿ ಇನ್ನೊಂದು ಲಕ್ಷ ಡಾಲರಿನ ಬಾಂಡ್. ಸ್ವಂತ ಹೆಸರು ಬಿಟ್ಟು ಬೇರೆ ಹೆಸರಿನಲ್ಲಿ ವ್ಯಾಪಾರ ಮಾಡಿದರೆ ನಾಲ್ಕು ವಾರ ಪತ್ರಿಕೆಯಲ್ಲಿ ಪ್ರಕಟಿಸಬೇಕು, ಈ ಕಾಲಕ್ಕೆ ಅದನ್ನು ಯಾರು ಓದುತ್ತಾರೋ ಗೊತ್ತಿಲ್ಲ. ನನ್ನ ಜೊತೆ ದುಡಿದ ಮೆಕ್ಸಿಕೋ ಮೂಲದ ಒಬ್ಬರು ಗಾರೆ ಕೆಲಸದಲ್ಲಿ ನನಗಿಂತ ಎಷ್ಟೋ ಮೇಲು. ಹಳೇ ಮಾಲೀಕ ಅನುಭವದ ಪತ್ರಕ್ಕೆ ಸಹಿ ಹಾಕಲಿಲ್ಲ ಅಂತ ಅವರಿಗೆ ಲೈಸೆನ್ಸ್ ಆಗಲಿಲ್ಲ, ಈಗಲೂ ಇನ್ನೊಬ್ಬರ ಕೈಕೆಳಗೇ ಇದ್ದಾರೆ. ತಮ್ಮ ಲೈಸೆನ್ಸನ್ನು ಇನ್ನೊಬ್ಬರ ಫರ್ಮಿಗೆ ಬಾಡಿಗೆಗೆ ಕೊಟ್ಟಂತೆ ಕೊಟ್ಟು ಸೈಟಿನ ಕಡೆ ತಲೆ ಹಾಕದವರೂ ಇಲ್ಲಿದ್ದಾರೆ. ಅದು ಕಾನೂನಿಗೆ ವಿರುದ್ಧ, ಆದರೂ ನಡೆಯುತ್ತದೆ.

ಊರಿನಲ್ಲಿ ಈ ಮಾತು ತೆಗೆದರೆ ಬರುವ ಮೊದಲ ಉತ್ತರ, ‘ಇನ್ನೊಂದು ಲೈಸೆನ್ಸ್ ಅಂದ್ರೆ ಇನ್ನೊಂದು ಟೇಬಲ್ಲು, ಇನ್ನೊಂದು ಲಂಚ’. ಈ ಭಯ ಸುಳ್ಳಲ್ಲ. ಲೈಸೆನ್ಸ್ ಅಂತ ಶುರು ಮಾಡಿ ಓದು ಬರದ ಒಳ್ಳೆಯ ಮೇಸ್ತ್ರಿಯನ್ನು ಹೊರಗಿಟ್ಟು, ದುಡ್ಡಿದ್ದವನಿಗೆ ಸರ್ಟಿಫಿಕೇಟ್ ಕೊಡುವ ಹಾಗಾದರೆ ಈಗಿರುವುದೇ ವಾಸಿ. ಅದಕ್ಕೇ ಲೈಸೆನ್ಸಿನಿಂದ ಶುರು ಮಾಡಬೇಡಿ, ದುಡ್ಡಿನ ನಿಯಮದಿಂದ ಶುರು ಮಾಡಿ ಅನ್ನುತ್ತೇನೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾನೂನಿನಲ್ಲಿ ದಾರಿ ಆಗಲೇ ಇದೆ. ಅಪಾರ್ಟ್‌ಮೆಂಟ್ ಕಟ್ಟುವವನು ಗಿರಾಕಿಗಳ ದುಡ್ಡಿನಲ್ಲಿ ಶೇಕಡ 70ರಷ್ಟನ್ನು ಬೇರೆ ಖಾತೆಯಲ್ಲಿಟ್ಟು ಆ ಕಟ್ಟಡಕ್ಕೇ ಬಳಸಬೇಕು. ಕಟ್ಟಡದಲ್ಲಿ ದೋಷ ಕಂಡರೆ ಐದು ವರ್ಷ ಅವನದೇ ಹೊಣೆ. ಆದರೆ ಸ್ವಂತ ಸೈಟಿನಲ್ಲಿ ಒಂದು ಮನೆ ಕಟ್ಟಿಸುವವರು ಈ ಕಾನೂನಿನ ಒಳಗೆ ಬರುವುದಿಲ್ಲ. ಹಾಸನ, ತುಮಕೂರು, ದಾವಣಗೆರೆಯಂಥ ಊರುಗಳಲ್ಲಿ ಜಾಸ್ತಿ ಇರುವುದು ಇಂಥವರೇ ಅಲ್ವಾ? ಅಡ್ವಾನ್ಸಿಗೆ ಒಂದು ಮಿತಿ, ಪಾಯ, ಲಿಂಟಲ್, ಮೋಲ್ಡ್ ಅಂತ ಹಂತ ಹಂತವಾಗಿ ಹಣ, ಐದು ವರ್ಷದ ಹೊಣೆ, ಬರವಣಿಗೆಯ ಒಪ್ಪಂದ. ಇದಕ್ಕೆ ಹೊಸ ಇನ್‌ಸ್ಪೆಕ್ಟರ್ ಬೇಡ. ಜಗಳ ಬಂದಾಗ ಗ್ರಾಹಕ ಆಯೋಗದಲ್ಲಿ ತೋರಿಸಲು ಗಟ್ಟಿ ಆಧಾರ ಇರುತ್ತದೆ.

ಕಸುಬಿನ ನೋಂದಣಿ ಆಮೇಲೆ ಬರಲಿ, ಆದರೆ ಬರಲೇಬೇಕು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಮೇಸ್ತ್ರಿಗಳಿಗೆ, ಕಂಬಿ ಕಟ್ಟುವ ಬಾರ್ ಬೆಂಡರ್‌ಗಳಿಗೆ ಲೇಬರ್ ಕಾರ್ಡ್ ಈಗಾಗಲೇ ಇದೆ. ಕಟ್ಟಡದ ವೆಚ್ಚದ ಮೇಲೆ ಶೇಕಡ 1ರ ಸೆಸ್ ಆ ಮಂಡಳಿಗೆ ಹೋಗುತ್ತದೆ. ಕೇಂದ್ರದ ಕೌಶಲ ಯೋಜನೆಯಲ್ಲಿ, ಮೊದಲೇ ಕೆಲಸ ಬಲ್ಲವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯೂ ಇದೆ. ಇವೆರಡನ್ನೂ ಜೋಡಿಸಿ. ಪರೀಕ್ಷೆ ಕನ್ನಡದಲ್ಲಿರಲಿ, ಪೆನ್ನಿನಲ್ಲಿ ಬೇಡ, ಸೈಟಿನಲ್ಲಿ ಕೈಯಿಂದ ಮಾಡಿ ತೋರಿಸಲಿ. ಪಾಸಾದ ಮೇಸ್ತ್ರಿ ತನ್ನದೇ ಫರ್ಮ್ ತೆಗೆಯಲು ಅದೇ ಅರ್ಹತೆ ಆಗಲಿ. ಮನೆ ಪ್ಲಾನ್ ಮಂಜೂರಾಗುವಾಗ ಎಂಜಿನಿಯರ್ ಹೆಸರು ಇದ್ದ ಹಾಗೆ, ಕಟ್ಟುವವನ ಹೆಸರೂ ದಾಖಲಾಗಲಿ. ಯಾರು ಯಾವ ಮನೆ ಕಟ್ಟಿದರು, ಯಾವುದರ ಮೇಲೆ ದೂರು ಬಂತು ಎಂಬುದು ಎಲ್ಲರಿಗೂ ಕಾಣುವಂತಾಗಲಿ.

ನನ್ನ ಭಾವಮೈದ ಇದನ್ನೆಲ್ಲ ಕಾನೂನು ಬರುವ ಮೊದಲೇ ಮಾಡುತ್ತಿದ್ದಾನೆ. ಸಣ್ಣ ಅಡ್ವಾನ್ಸ್ ತೆಗೆದುಕೊಳ್ಳುತ್ತಾನೆ. ಕಾಂಕ್ರೀಟ್ ಸುರಿಯುವ ಮುಂಚೆ ಕಂಬಿಯ ಫೋಟೋ ತೆಗೆದು ಮನೆಯವರಿಗೆ ಕಳಿಸುತ್ತಾನೆ. ಕವರ್ ಬ್ಲಾಕ್ ಎಷ್ಟೆಷ್ಟು ದೂರಕ್ಕೆ ಅಂತ ಒಪ್ಪಂದದಲ್ಲೇ ಬರೆಯುತ್ತಾನೆ. ಇದರಿಂದ ಅವನ ರೇಟು ಚದರಕ್ಕೆ ಸ್ವಲ್ಪ ಜಾಸ್ತಿ ಆಗುತ್ತದೆ. ಪಕ್ಕದ ಬೀದಿಯ ಫರ್ಮ್ ಅದಕ್ಕಿಂತ ಕಡಿಮೆ ಹೇಳಿ, ಮೊದಲೇ ಮೂರನೇ ಒಂದು ಪಾಲು ದುಡ್ಡು ಕೇಳುತ್ತದೆ. ಗಿರಾಕಿಗಳಲ್ಲಿ ತುಂಬಾ ಜನ ರೇಟು ನೋಡಿ ಆ ಕಡೆಗೇ ಹೋಗುತ್ತಾರೆ. ಅವರನ್ನು ಬೈದು ಉಪಯೋಗವಿಲ್ಲ, ಇಬ್ಬರಲ್ಲಿ ಯಾರು ಹೇಗೆ ಅಂತ ತಿಳಿಯಲು ಅವರಿಗೆ ಬೇರೆ ದಾರಿಯೇ ಇಲ್ಲ. ‘ಹೀಗೇ ಇನ್ನೆರಡು ವರ್ಷ ನಡೆದರೆ ನಾನೂ ಅವರ ಥರಾನೇ ಮಾಡ್ಬೇಕಾಗುತ್ತೆ ಭಾವ’ ಅಂತ ಮೊನ್ನೆ ಫೋನಿನಲ್ಲಿ ಹೇಳಿದ. ಅವನು ಹಾಗೆ ಮಾಡುವ ಮೊದಲೇ ಅಡ್ವಾನ್ಸಿನ ಮಿತಿಯೊಂದಾದರೂ ಕಾನೂನಾಗಿ ಬರಬೇಕು.